ಪಟ್ಟಣ ಅಳಿದರೂ ಹಂಪಿಯ ವಿರೂಪಾಕ್ಷನ ಪೂಜೆ ಉಳಿದದ್ದು ಹೇಗೆ?

ಕೋಟೆಬೀದಿ, ಬಳ್ಳಾರಿ

ಹಂಪಿಯ ವಿಷಯ ಬಂದಾಗಲೆಲ್ಲ ನಮ್ಮ ಭಾಗದವರ ಮಾತು ಬಲುಬೇಗ ವಿಜಯನಗರದ ಅರಸರ ಕಡೆಗೆ ಹೊರಳುತ್ತದೆ. ಮುತ್ತುರತ್ನಗಳನ್ನು ಬೀದಿಯಲ್ಲಿ ಅಳೆದು ಮಾರಿದ ಕಥೆ, ಕೃಷ್ಣದೇವರಾಯನ ದಂಡಯಾತ್ರೆ, 1565ರ ರಕ್ಕಸತಂಗಡಿ ಯುದ್ಧದಲ್ಲಿ ಸುಲ್ತಾನರೆದುರಿನ ಸೋಲು, ಆಮೇಲೆ ಹಾಳುಬಿದ್ದ ಪಟ್ಟಣ ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ವಿರೂಪಾಕ್ಷನ ಗುಡಿಯು ಆ ಕ್ರಮದ ನಡುವೆ ಎಲ್ಲೋ ಬಂದುಹೋಗುವ ಒಂದು ಕಟ್ಟಡವಾಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಕ್ರಮ ತಲೆಕೆಳಗಾಗಿದೆ. ದೇವರು ಮೊದಲಿದ್ದನು, ರಾಜಧಾನಿ ಅವನ ಆಸರೆಯಲ್ಲಿ ಬೆಳೆಯಿತು, ರಾಜಧಾನಿ ಹೋದ ಮೇಲೂ ದೇವರ ಪೂಜೆ ಉಳಿಯಿತು.

ಬಾದಾಮಿಯ ಚಾಲುಕ್ಯ ವಿನಯಾದಿತ್ಯನು ಪಂಪಾತೀರ್ಥದಲ್ಲಿ, ಅಂದರೆ ಇಂದಿನ ಹಂಪಿಯಲ್ಲಿ, ಬೀಡುಬಿಟ್ಟಿದ್ದಾಗ ಕೊಟ್ಟ ತಾಮ್ರಶಾಸನವು ಏಳನೆಯ ಶತಮಾನದ ಕೊನೆಯ ಭಾಗದ್ದು. ಅಂದರೆ ಸಂಗಮ ವಂಶದ ಸಹೋದರರು ಇಲ್ಲಿ ವಿಜಯನಗರ ರಾಜ್ಯ ಕಟ್ಟುವುದಕ್ಕೆ ಆರು ಶತಮಾನಗಳಿಗೂ ಹಿಂದೆಯೇ ಇದು ಹೆಸರಾದ ತೀರ್ಥವಾಗಿತ್ತು. ಮನ್ಮಥ ಹೊಂಡದ ಪಕ್ಕದ ದುರ್ಗಾದೇವಿ ಗುಡಿಯಲ್ಲಿರುವ 1199ರ ಶಾಸನದಲ್ಲಿ ವಿರೂಪಾಕ್ಷನೂ ಪಂಪಾದೇವಿಯೂ ಜೊತೆಯಾಗಿ ಬರುತ್ತಾರೆ. ರಗಳೆಯ ಕವಿ ಹರಿಹರನು ಹೊಯ್ಸಳರ ಆಸ್ಥಾನದ ಲೆಕ್ಕಪತ್ರದ ಕೆಲಸ ಬಿಟ್ಟು ಬಂದು ನೆಲೆಸಿದ್ದು ಇದೇ ದೇವರ ಸನ್ನಿಧಿಯಲ್ಲಿ ಎಂಬುದು ನಮ್ಮ ಸಾಹಿತ್ಯ ಪರಂಪರೆಯ ನಂಬಿಕೆ. ಅವನ ಗಿರಿಜಾಕಲ್ಯಾಣಕ್ಕೂ ಈ ಕ್ಷೇತ್ರದ ಮದುವೆಯ ಆಚರಣೆಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನನ್ನ ಪ್ರಶ್ನೆ. 1565ರ ನಂತರ ವಿಠ್ಠಲನ ಗುಡಿ, ಕೃಷ್ಣನ ಗುಡಿ, ಅಚ್ಯುತರಾಯನ ಕಾಲದ ತಿರುವೆಂಗಳನಾಥನ ಗುಡಿ, ಅರಮನೆಯ ಆವರಣದ ಹಜಾರರಾಮನ ಗುಡಿ ಇವೆಲ್ಲವೂ ದೀಪವಿಲ್ಲದೆ ನಿಂತವು. ವಿರೂಪಾಕ್ಷನ ಗುಡಿಯಲ್ಲಿ ಮಾತ್ರ ಇವತ್ತಿಗೂ ಬೆಳಗಿನ ಪೂಜೆ ನಡೆಯುತ್ತದೆ, ತೇರು ಎಳೆಯುತ್ತಾರೆ, ಮಕ್ಕಳ ಜವಳ ತೆಗೆಸುತ್ತಾರೆ. ಒಂದೇ ಪಟ್ಟಣದಲ್ಲಿ, ಒಂದೇ ಆಪತ್ತನ್ನು ಕಂಡ ಗುಡಿಗಳ ನಡುವೆ ಈ ವ್ಯತ್ಯಾಸ ಹೇಗಾಯಿತು? ಎಲ್ಲರೂ ಆಧಾರಸಹಿತವಾಗಿ ಬರೆಯಬೇಕೆಂದು ವಿನಂತಿ.

ಹೊಳೆದಂಡೆ, ಗಂಗಾವತಿ

ಒಳ್ಳೆಯ ಪ್ರಶ್ನೆ ಎತ್ತಿದ್ದೀರಿ, ಸರ್. ಇದಕ್ಕೆ ವಿದ್ವಾಂಸರಲ್ಲಿ ಕೆಲವರು ಕೊಡುವ ಉತ್ತರ ರಾಜಕೀಯವಾದದ್ದು. ಹದಿನಾರನೆಯ ಶತಮಾನದ ಅರಸರು, ವಿಶೇಷವಾಗಿ ಅಳಿಯ ರಾಮರಾಯನ ಅರವೀಡು ಮನೆತನದವರು, ವೈಷ್ಣವ ಗುಡಿಗಳಿಗೆ ಹೆಚ್ಚು ಒಲಿದವರಾಗಿದ್ದರು. ಆದ್ದರಿಂದ ಯುದ್ಧದ ನಂತರದ ವಿನಾಶವು ಆಳುವ ಮನೆತನದ ಗುರುತು ಹೊತ್ತ ಗುಡಿಗಳ ಮೇಲೆ ಹೆಚ್ಚಾಗಿ ಬಿದ್ದಿತು, ಹಳೆಯ ಶೈವ ಗುಡಿಯು ಬಹುಮಟ್ಟಿಗೆ ಪಾರಾಯಿತು ಎಂಬುದು ಆ ವಾದ. ವಿಠ್ಠಲ ದೇವಾಲಯದ ಸುಟ್ಟು ಸೀಳಿದ ಕಂಬಗಳನ್ನೂ ವಿರೂಪಾಕ್ಷನ ರಂಗಮಂಟಪದ ಗಟ್ಟಿಯಾಗಿ ನಿಂತ ಯಾಳಿ ಕಂಬಗಳನ್ನೂ ಒಂದೇ ದಿನ ನೋಡಿದವರಿಗೆ ಈ ವಾದದಲ್ಲಿ ಹುರುಳಿದೆ ಎನ್ನಿಸದೆ ಇರದು.

ಕೋಟೆಬೀದಿ, ಬಳ್ಳಾರಿ

ತಾವು ಹೇಳಿದ ವಾದವನ್ನು ನಾನೂ ಗೌರವಿಸುತ್ತೇನೆ. ಆದರೆ ಅದು ಗುಡಿ ಒಡೆಯದೆ ಉಳಿದದ್ದೇಕೆ ಎಂಬುದಕ್ಕೆ ಉತ್ತರ ಕೊಡುತ್ತದೆಯೇ ಹೊರತು ಪೂಜೆ ಉಳಿದದ್ದೇಕೆ ಎಂಬುದಕ್ಕೆ ಕೊಡುವುದಿಲ್ಲ. ಹಜಾರರಾಮನ ಗುಡಿಯನ್ನೇ ನೋಡಿ: ಗೋಡೆಯ ಮೇಲಿನ ರಾಮಾಯಣದ ಸಾಲುಗಳು ಇವತ್ತಿಗೂ ಓದಲು ಬರುವಷ್ಟು ಚೆನ್ನಾಗಿವೆ, ಆದರೂ ಅಲ್ಲಿ ಪೂಜೆಯಿಲ್ಲ. ಇನ್ನೊಂದು ಕಡೆ ಚಕ್ರತೀರ್ಥದ ದಂಡೆಯ ಕೋದಂಡರಾಮನೂ, ಅದರ ಮೇಲಿನ ಯಂತ್ರೋದ್ಧಾರಕ ಆಂಜನೇಯನೂ, ಮಾಲ್ಯವಂತ ಗುಡ್ಡದ ರಘುನಾಥನೂ ವೈಷ್ಣವ ದೇವರುಗಳೇ. ಅಲ್ಲೆಲ್ಲ ಪೂಜೆ ನಡೆಯುತ್ತಿದೆ. ಶೈವ–ವೈಷ್ಣವ ಎಂಬ ಒಂದೇ ಗೆರೆಯಿಂದ ಇದನ್ನು ವಿಂಗಡಿಸಲಾಗದು.

ನನಗೆ ಕಾಣುವ ಗೆರೆ ಬೇರೆ. ಕೋದಂಡರಾಮನು ಸ್ನಾನಘಟ್ಟದ ದೇವರು, ಯಾತ್ರಿಕರು ಹೊಳೆಯಲ್ಲಿ ಮಿಂದು ಒದ್ದೆಬಟ್ಟೆಯಲ್ಲೇ ಬಂದು ಕೈಮುಗಿಯುವ ದೇವರು. ಮಾಲ್ಯವಂತವು ರಾಮನು ಮಳೆಗಾಲ ಕಳೆದ ಗುಡ್ಡವೆಂದು ಜನ ನಂಬಿದ ನೆಲೆ. ವಿರೂಪಾಕ್ಷನು ಪಂಪಾತೀರ್ಥದ ಒಡೆಯ. ಈ ದೇವರುಗಳನ್ನು ಹೊಳೆ, ಬಂಡೆ, ಗುಡ್ಡಗಳಿಂದ ಬೇರ್ಪಡಿಸಲು ಬರುವುದಿಲ್ಲ. ಇದಕ್ಕೆ ಎದುರಾಗಿ ಬಾಲಕೃಷ್ಣನನ್ನು ಕೃಷ್ಣದೇವರಾಯನು ಉದಯಗಿರಿಯ ಗೆಲುವಿನಲ್ಲಿ ತಂದು 1515ರಲ್ಲಿ ಪ್ರತಿಷ್ಠಾಪಿಸಿದನು. ಆ ಮೂರ್ತಿಯ ಉಳಿದ ಭಾಗ ಇಂದು ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದೆ. ತಿರುವೆಂಗಳನಾಥನ ಗುಡಿಯನ್ನು 1534ರಲ್ಲಿ ಅಚ್ಯುತರಾಯನ ಅಧಿಕಾರಿಯೊಬ್ಬನು ಕಟ್ಟಿಸಿದನು. ದೊರೆ ತಂದು ನಿಲ್ಲಿಸಿದ ದೇವರಿಗೆ ದೊರೆಯ ಉಂಬಳಿಯೇ ಆಧಾರ; 1565ರಲ್ಲಿ ರಾಮರಾಯನ ತಮ್ಮ ತಿರುಮಲರಾಯನು ಪಟ್ಟಣ ಬಿಟ್ಟು ಪೆನುಗೊಂಡೆಗೆ ಹೊರಟಾಗ ಅರ್ಚಕರ ಪಾಲು, ನೈವೇದ್ಯದ ಅಕ್ಕಿ, ದೀಪದ ಎಣ್ಣೆ ಎಲ್ಲವೂ ನಿಂತವು. ತೀರ್ಥದ ದೇವರಿಗೆ ಮಾತ್ರ ಯಾತ್ರಿಕರು ಬರುತ್ತಲೇ ಇದ್ದರು.

ನಿವೃತ್ತ ಶಿಕ್ಷಕ, ಕೊಪ್ಪಳ

ಕೋಟೆಬೀದಿಯವರ ಮಾತಿನ ಮುಖ್ಯಾಂಶವನ್ನು ಒಪ್ಪುತ್ತೇನೆ, ಆದರೆ ಅರಸರ ಪಾಲನ್ನು ಅಷ್ಟು ಕಿರಿದು ಮಾಡಬಾರದು. ಸಂಗಮರಿಂದ ಹಿಡಿದು ಕೃಷ್ಣದೇವರಾಯನ ಮನೆತನವಾದ ತುಳುವರವರೆಗೂ ತಾಮ್ರಶಾಸನದ ಕೊನೆಯಲ್ಲಿ ಅರಸರ ಹಸ್ತಾಕ್ಷರದ ಜಾಗದಲ್ಲಿ ಇರುವುದು ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ. ಶಾಸನದ ಭಾಷೆ ಸಂಸ್ಕೃತವಾಗಿ, ಲಿಪಿ ನಾಗರಿಯಾಗಿದ್ದರೂ ಈ ಅಂಕಿತವನ್ನು ಕನ್ನಡ ಅಕ್ಷರಗಳಲ್ಲೇ ಕೆತ್ತಿಸುತ್ತಿದ್ದರು. ರಾಜ್ಯವು ದೇವರದು, ಅರಸನು ದೇವರ ಪರವಾಗಿ ಆಳುವವನು ಎಂಬ ಭಾವನೆ ಅದರ ಹಿಂದೆ ಇದೆ. ಅರವೀಡು ಮನೆತನದ ವೆಂಕಟಪತಿರಾಯನ ಕಾಲಕ್ಕೆ ಬಂದರೆ ಅದೇ ಜಾಗದಲ್ಲಿ ‘ಶ್ರೀ ವೆಂಕಟೇಶ’ ಎಂದು ಕಾಣುತ್ತದೆ. ಹಂಪಿ ಕೈತಪ್ಪಿ ತಿರುಪತಿಯ ಕಡೆಯ ನೆಲವೇ ರಾಜ್ಯದ ಉಸಿರಾಗಿದ್ದ ಕಾಲ ಅದು.

ಕೃಷ್ಣದೇವರಾಯನು ಪಟ್ಟಾಭಿಷೇಕದ ನೆನಪಿಗೆ ಮಾಡಿದ ಸೇವೆಯ ಶಾಸನ ರಂಗಮಂಟಪದ ಮುಂದೆಯೇ ನಿಂತಿದೆ. ಅದರ ಕಾಲ 1510. ಅವನು ಅಲ್ಲಿ ರಂಗಮಂಟಪವನ್ನೂ ಅದರ ಮುಂದಿನ ಗೋಪುರವನ್ನೂ ಕಟ್ಟಿಸಿದನು, ದೇವರ ನೈವೇದ್ಯಕ್ಕೆಂದು ಸಿಂಗನಾಯಕನಹಳ್ಳಿಯನ್ನು ಬಿಟ್ಟುಕೊಟ್ಟನು, ನವರತ್ನ ಕೂಡಿಸಿದ ಹೊನ್ನಿನ ತಾವರೆಯನ್ನೂ ನಾಗಾಭರಣವನ್ನೂ ಅರ್ಪಿಸಿದನು, ಆರತಿಗೆ 24 ಬೆಳ್ಳಿಯ ದೀಪಗಳನ್ನು ಕೊಟ್ಟನು. ಈ ಪಟ್ಟಿಯನ್ನು ನಾನು ತರಗತಿಯಲ್ಲಿ ಓದಿಸುವಾಗ ಮಕ್ಕಳಿಗೆ ಹೇಳುತ್ತಿದ್ದ ಮಾತೆಂದರೆ, ಕಟ್ಟಡಕ್ಕಿಂತ ಹೆಚ್ಚಾಗಿ ಕೊನೆಯ ಸಾಲುಗಳನ್ನು ನೋಡಿರಿ ಎಂದು. ತಟ್ಟೆ, ದೀಪ, ಭೇರಿ, ನೈವೇದ್ಯ ಇವು ಪ್ರತಿದಿನ ನಡೆಯುವ ಪೂಜೆಯ ಸಾಮಗ್ರಿಗಳು. ಅರಸನೊಬ್ಬನು ತನ್ನ ಪಟ್ಟದ ಸಂದರ್ಭದಲ್ಲಿ ಗುಡಿಯ ದಿನನಿತ್ಯದ ಅಗತ್ಯವನ್ನು ವಿಚಾರಿಸಿ ಕೊಟ್ಟಿದ್ದಾನೆ ಎಂದರೆ, ಆ ಪೂಜಾಕ್ರಮ ಅವನಿಗಿಂತ ಮೊದಲೇ ಗಟ್ಟಿಯಾಗಿ ಇತ್ತು ಎಂದೇ ಅರ್ಥ. ಕೋಟೆಬೀದಿಯವರೆ, ನಿಮ್ಮ ವಾದಕ್ಕೆ ಅರಸನ ಶಾಸನವೇ ಸಾಕ್ಷಿ ನುಡಿಯುತ್ತದೆ.

ಕಂಪ್ಲಿಯವಳು

ಗುರುಗಳೆ, ಸರ್, ನಿಮ್ಮಿಬ್ಬರ ಚರ್ಚೆಯಲ್ಲಿ ಪಂಪಾದೇವಿಯು ಹೆಸರಾಗಿ ಮಾತ್ರ ಬಂದುಹೋಗುತ್ತಿದ್ದಾಳೆ. ಕ್ಷೇತ್ರದ ಮೊದಲ ಒಡತಿ ಆಕೆ. ಚಾಲುಕ್ಯರ ಶಾಸನದಲ್ಲಿ ಇರುವುದು ಪಂಪೆಯ ಹೆಸರು. ವಿರೂಪಾಕ್ಷನ ಹೆಸರು ಜೊತೆಗೂಡುವುದು ಶತಮಾನಗಳ ನಂತರ. ಹೊಳೆಯ ದಂಡೆಯ ಸ್ಥಳೀಯ ದೇವತೆಯೊಬ್ಬಳನ್ನು ಶಿವನಿಗೆ ಮದುವೆ ಮಾಡಿಕೊಟ್ಟು ದೊಡ್ಡ ಪರಂಪರೆಯೊಳಗೆ ಸೇರಿಸಿಕೊಂಡರು ಎಂದು ಇತಿಹಾಸಕಾರರು ಹೇಳುತ್ತಾರೆ. ಸ್ಥಳಪುರಾಣ ಅದನ್ನೇ ಬೇರೆ ರೀತಿಯಲ್ಲಿ ಹೇಳುತ್ತದೆ: ಬ್ರಹ್ಮನ ಮಗಳಾದ ಪಂಪೆ ಶಿವನಿಗಾಗಿ ತಪಸ್ಸು ಮಾಡಿದಳು, ಹೇಮಕೂಟದಲ್ಲಿ ಧ್ಯಾನದಲ್ಲಿದ್ದ ಶಿವನ ಮೇಲೆ ಬಾಣಬಿಟ್ಟ ಮನ್ಮಥನು ಸುಟ್ಟು ಬೂದಿಯಾದನು, ಕೊನೆಗೆ ಆಕೆಯ ತಪಸ್ಸಿಗೆ ಒಲಿದು ಶಿವನು ಪಂಪಾಪತಿಯಾದನು, ಮದುವೆಯ ದಿನ ದೇವತೆಗಳು ಹೊನ್ನಿನ ಮಳೆಗರೆದರು. ಪಂಪಾಪತಿ ಎಂಬ ಹೆಸರಿನಲ್ಲಿ ಗಂಡನನ್ನು ಗುರುತಿಸುತ್ತಿರುವುದು ಹೆಂಡತಿಯಿಂದ ಎಂಬುದನ್ನು ಗಮನಿಸಬೇಕು.

ಈ ಮದುವೆ ಕಥೆಯಾಗಿ ಉಳಿಯದೆ ವರ್ಷಂಪ್ರತಿ ನಡೆಯುವ ಕಾರ್ಯವಾಗಿದೆ. ಮಾರ್ಗಶಿರದಲ್ಲಿ ನಡೆಯುವ ಫಲಪೂಜೆಯೆಂದರೆ ನಿಶ್ಚಿತಾರ್ಥ: ಉತ್ಸವಮೂರ್ತಿಗಳು ಗುಡಿಯಿಂದ ಹೊರಟು ಚಕ್ರತೀರ್ಥದ ಕೋದಂಡರಾಮನ ಗುಡಿಯ ಬಳಿಗೆ ಹೋಗುತ್ತವೆ, ಅಲ್ಲಿ ಫಲತಾಂಬೂಲದ ಶಾಸ್ತ್ರ ನಡೆಯುತ್ತದೆ, ಮನ್ಮಥ ಹೊಂಡದಲ್ಲಿ ತೆಪ್ಪೋತ್ಸವವಾಗುತ್ತದೆ. ಚೈತ್ರದಲ್ಲಿ ಕಲ್ಯಾಣ, ದವನದ ಹುಣ್ಣಿಮೆಗೆ ತೇರು. ಮಾತು ನಿಶ್ಚಯವಾದ ಮೇಲೆ ಮದುವೆಗೆ ಬೇಕಾಗುವಷ್ಟು ತಿಂಗಳುಗಳನ್ನು ನಡುವೆ ಬಿಟ್ಟಿದ್ದಾರೆ. ನಮ್ಮ ಮನೆಗಳಲ್ಲಿ ಸುಗ್ಗಿ ಮುಗಿದು ಕೈಯಲ್ಲಿ ಕಾಳುಕಡಿ ಬಂದ ಮೇಲೆ ಮದುವೆ ಮಾಡುವ ಹಾಗೆಯೇ. ಶಿವನ ನಿಶ್ಚಿತಾರ್ಥಕ್ಕೆ ರಾಮನ ಗುಡಿಯಂಗಳ ಎಂಬುದು ಶೈವ–ವೈಷ್ಣವ ಚರ್ಚೆ ಮಾಡುವವರೆಲ್ಲ ಕಣ್ಣಾರೆ ನೋಡಬೇಕಾದ ಸಂಗತಿ.

ಇನ್ನೊಂದು ಮಾತು. ನಮ್ಮ ಸೀಮೆಯ ಎಲ್ಲ ದೇವಿಯರಿಗೂ ಹೀಗೆ ಮದುವೆಯಾಗಲಿಲ್ಲ. ಬಳ್ಳಾರಿಯ ಕನಕದುರ್ಗಮ್ಮ, ಹುಲಿಗಿಯ ಹುಲಿಗೆಮ್ಮ ಇಬ್ಬರೂ ತಮ್ಮ ಹೆಸರಿನಿಂದಲೇ ನಿಂತಿದ್ದಾರೆ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಂದು ಹುಲಿಗಿಗೆ ಹೋಗುವ ಜನರನ್ನು, ದುರ್ಗಮ್ಮನ ಸಿಡಿಬಂಡಿಗೆ ಸೇರುವ ಜನರನ್ನು ನೋಡಿದವರಿಗೆ ದೇವಿಗೆ ಪತಿಯ ಆಸರೆ ಬೇಕೆಂದು ಅನ್ನಿಸುವುದಿಲ್ಲ. ಪಂಪೆಯು ಮದುವೆಯಿಂದ ಪಡೆದದ್ದು ದೊಡ್ಡದು, ಕಳೆದುಕೊಂಡದ್ದೂ ಇದೆ: ಇವತ್ತು ಬರುವವರಲ್ಲಿ ಹೆಚ್ಚಿನವರು ಗರ್ಭಗುಡಿಯ ಲಿಂಗಕ್ಕೆ ಕೈಮುಗಿದು, ಉತ್ತರದ ಬದಿಯಲ್ಲಿರುವ ಆಕೆಯ ಗುಡಿಯ ಮುಂದೆ ನಿಲ್ಲದೆ ಹೊರಟುಬಿಡುತ್ತಾರೆ.

ವಿದ್ಯಾರ್ಥಿ, ರಾಯಚೂರು

ಅಕ್ಕಾವರೆ, ತಮ್ಮ ಬರಹ ಓದಿ ಬಹಳ ಸಂತೋಷವಾಯಿತು. ನನ್ನದು ಎರಡು ಪ್ರಶ್ನೆಗಳು. ಒಂದು, ಕೋಟೆಬೀದಿ ಸರ್ ಅವರ ವಾದಕ್ಕೆ ಉದ್ದಾನ ವೀರಭದ್ರನ ಗುಡಿ ವಿರುದ್ಧ ಉದಾಹರಣೆಯಲ್ಲವೆ? ಅದು ಸದಾಶಿವರಾಯನ ಕಾಲದಲ್ಲಿ, 1545ರಲ್ಲಿ ಆದದ್ದು, ಯಾವ ಹಳೆಯ ತೀರ್ಥಕ್ಕೂ ಸೇರಿದ್ದಲ್ಲ, ಆದರೂ ಅಲ್ಲಿ ಪೂಜೆ ನಡೆಯುತ್ತಿದೆ. ಎರಡು, ಹೇಮಕೂಟದ ಮೇಲಿರುವ ಮೆಟ್ಟಿಲು ಮೆಟ್ಟಿಲಾದ ಶಿಖರದ ಗುಡಿಗಳನ್ನು ನಮ್ಮ ಪ್ರವಾಸದ ಮಾರ್ಗದರ್ಶಕರು ಜೈನ ಬಸದಿಗಳೆಂದು ತೋರಿಸಿದರು. ಅದು ಸರಿಯೇ?

ನಿವೃತ್ತ ಶಿಕ್ಷಕ, ಕೊಪ್ಪಳ

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ, ತಮ್ಮಾ. ಶಿಖರದ ಆಕಾರ ನೋಡಿ ಬಹಳ ದಿನದಿಂದ ಹಾಗೆ ಹೇಳುತ್ತ ಬಂದಿದ್ದಾರೆ, ಆದರೆ ಅವು ಶಿವಾಲಯಗಳು. ಅಲ್ಲಿನ ತ್ರಿಕೂಟವೊಂದರ, ಅಂದರೆ ಮೂರು ಗರ್ಭಗುಡಿಗಳ ಗುಡಿಯೊಂದರ ಶಾಸನವು ಕಂಪಿಲಿಯ (ಇಂದಿನ ಕಂಪ್ಲಿಯ) ವೀರ ಕಂಪಿಲದೇವನು ತನ್ನ ತಂದೆ ಮುಮ್ಮಡಿ ಸಿಂಗೆಯ ನಾಯಕ ಮತ್ತು ತಾಯಿಯ ನೆನಪಿಗೆ ಗುಡಿ ಕಟ್ಟಿಸಿ ಮೂರು ಲಿಂಗಗಳನ್ನು ನಿಲ್ಲಿಸಿದನೆಂದು ಸ್ಪಷ್ಟವಾಗಿ ಹೇಳುತ್ತದೆ. ಇದು ಹದಿನಾಲ್ಕನೆಯ ಶತಮಾನದ ಆರಂಭದ, ವಿಜಯನಗರಕ್ಕೆ ಮುಂಚಿನ ಮಾತು. ತಂದೆತಾಯಿಯ ಹೆಸರಿನಲ್ಲಿ ಲಿಂಗ ಪ್ರತಿಷ್ಠೆ ಮಾಡಲು ಕಂಪಿಲಿಯ ಅರಸನು ತನ್ನ ಊರನ್ನು ಬಿಟ್ಟು ಇಲ್ಲಿಗೆ ಬಂದನೆಂದರೆ, ಈ ಗುಡ್ಡದ ಪಾವಿತ್ರ್ಯ ಆಗಲೇ ಎಷ್ಟಿತ್ತೆಂಬುದು ತಿಳಿಯುತ್ತದೆ. ಕಂಪ್ಲಿಯ ಸೋದರಿಯವರು ಇದನ್ನು ಹೆಮ್ಮೆಯಿಂದಲೇ ಹೇಳಬಹುದಾಗಿತ್ತು!

ವಿರೂಪಾಕ್ಷನ ಆವರಣದೊಳಗೂ ಇಂತಹ ಹಳೆಯ ಪದರಗಳಿವೆ. ಉತ್ತರದ ಬದಿಯಲ್ಲಿರುವ ಭುವನೇಶ್ವರಿ ಗುಡಿಯ ಕಂಬ ಮತ್ತು ಬಾಗಿಲವಾಡಗಳನ್ನು ನೋಡಿರಿ: ಕಲ್ಯಾಣ ಚಾಲುಕ್ಯರ ಶೈಲಿಯ, ನಯವಾಗಿ ತಿರುವಿದ ಹಸಿರು ಛಾಯೆಯ ಮೆದುಕಲ್ಲು. ರಂಗಮಂಟಪದ ಒರಟು ಕಣಶಿಲೆಯ ಪಕ್ಕದಲ್ಲಿ ಅದು ಬೇರೆ ಕಾಲದ ಕೈಗೆಲಸವೆಂದು ಶಾಸ್ತ್ರ ಓದದವರಿಗೂ ಗೊತ್ತಾಗುತ್ತದೆ.

ಕೋಟೆಬೀದಿ, ಬಳ್ಳಾರಿ

ವೀರಭದ್ರನ ಗುಡಿಯ ವಿಷಯ: ವಿದ್ಯಾರ್ಥಿಯವರ ಆಕ್ಷೇಪ ಸೂಕ್ಷ್ಮವಾಗಿದೆ, ಮತ್ತು ಅದರಿಂದ ವಾದ ಇನ್ನಷ್ಟು ಖಚಿತವಾಗುತ್ತದೆ. ಉಂಬಳಿ ನಿಂತ ಮೇಲೆ ದೇವರನ್ನು ಕಾಪಾಡುವವರು ಯಾರಾದರೂ ಇರಬೇಕು. ತೀರ್ಥದ ದೇವರಿಗೆ ಯಾತ್ರಿಕರಿದ್ದರು. ವೀರಭದ್ರನಿಗೆ ವೀರಶೈವ ಸಮುದಾಯವಿತ್ತು; ಅವನನ್ನು ಮನೆದೇವರಾಗಿ ಪಡೆದ ಒಕ್ಕಲು ಬಳ್ಳಾರಿ, ರಾಯಚೂರು, ಕೊಪ್ಪಳಗಳ ಹಳ್ಳಿಹಳ್ಳಿಯಲ್ಲೂ ಇದೆ. ಯಂತ್ರೋದ್ಧಾರಕ ಆಂಜನೇಯನಿಗೆ ವ್ಯಾಸರಾಯರ ಪರಂಪರೆಯ ಮಾಧ್ವರು ಇದ್ದರು. ವಿರೂಪಾಕ್ಷನಿಗೆ ಈ ಬಗೆಯ ಆಸರೆ ಒಂದಲ್ಲ, ಹಲವು: ಬೆನ್ನಿಗೇ ವಿದ್ಯಾರಣ್ಯರ ಮಠ, ಮುಂದೆ ಹೊಳೆ, ಸುತ್ತಲಿನ ಒಕ್ಕಲು ಮನೆಗಳ ಹರಕೆ. ಹಜಾರರಾಮನಿಗೆ ಅರಮನೆಯೊಂದೇ ಇತ್ತು.

ಸುಮಾರು 1520ರಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಈ ಗುಡಿಯ ಮುಂದಿನ ಬೀದಿಯನ್ನು ವರ್ಣಿಸುವಾಗ, ದೂರದಿಂದ ಬರುವ ಯಾತ್ರಿಕರು ಇಳಿದುಕೊಳ್ಳುವ ಮೊಗಸಾಲೆಯ ಸುಂದರ ಮನೆಗಳನ್ನು ಉಲ್ಲೇಖಿಸುತ್ತಾನೆ. ಸಾಮ್ರಾಜ್ಯವು ತುತ್ತತುದಿಯಲ್ಲಿದ್ದ ಕಾಲದಲ್ಲಿಯೂ ಹೊರಗಿನವನೊಬ್ಬನ ಕಣ್ಣಿಗೆ ಬಿದ್ದ ಸಂಗತಿ ಯಾತ್ರೆಯೇ. ಗುಡಿಯ ಮುಂದಿನ ಈ ತೇರುಬೀದಿ ಪೂರ್ವಕ್ಕೆ 700 ಮೀಟರಿಗೂ ಹೆಚ್ಚು ಉದ್ದ ಹೋಗಿ ಎದುರು ಬಸವಣ್ಣನ ಬಳಿ ಮುಗಿಯುತ್ತದೆ. ತೇರಿನ ದಿನ ಅಲ್ಲಿ ಹಗ್ಗ ಹಿಡಿಯುವವರಲ್ಲಿ ಯಾವ ಜಾತಿಯವರಿಲ್ಲ, ಯಾವ ಹಳ್ಳಿಯವರಿಲ್ಲ ಎಂದು ಕೇಳಬೇಕು. ಪಂಪಾಪತಿ, ಪಂಪಣ್ಣ, ಪಂಪಮ್ಮ, ವಿರೂಪಾಕ್ಷಪ್ಪ ಎಂಬ ಹೆಸರಿನವರು ಇಲ್ಲದ ಊರು ಹೊಳೆಯ ಈಚೆ ದಂಡೆಯಲ್ಲೂ ಆಚೆ ದಂಡೆಯಲ್ಲೂ ಸಿಗುವುದು ಕಷ್ಟ.

ಆಡಳಿತ ಎಷ್ಟು ಸಲ ಬದಲಾಯಿತು ನೋಡಿ. ಸುಲ್ತಾನರು, ಪಾಳೆಯಗಾರರು, ಹೈದರ್ ಮತ್ತು ಟಿಪ್ಪು, ನಿಜಾಮ, 1800ರಿಂದ ಮದರಾಸಿನ ಕಂಪನಿ ಸರ್ಕಾರ, 1953ರ ಅಕ್ಟೋಬರ್ 1ರಿಂದ ಮೈಸೂರು ರಾಜ್ಯ, 2021ರಿಂದ ಹೊಸ ವಿಜಯನಗರ ಜಿಲ್ಲೆ. ಕಚೇರಿ ಬಳ್ಳಾರಿಯಿಂದ ಹೊಸಪೇಟೆಗೆ ಹೋದರೂ ಬಳ್ಳಾರಿಯ ನಮಗೆ ವಿರೂಪಾಕ್ಷನು ನಮ್ಮ ಜಿಲ್ಲೆಯ ದೇವರೇ.

ಹೊಳೆದಂಡೆ, ಗಂಗಾವತಿ

ಹಾಗೆ ನೋಡಿದರೆ ನಮ್ಮ ಕೊಪ್ಪಳ ಜಿಲ್ಲೆಯ ಹಕ್ಕೂ ಕಡಿಮೆಯದಲ್ಲ, ಸರ್. ಆನೆಗೊಂದಿಯ ಬದಿಯ ಪಂಪಾಸರೋವರ ನಮ್ಮಲ್ಲಿದೆ. ಗುಡಿಯಿಂದ ಹೊಳೆಗೂ ಮನ್ಮಥ ಹೊಂಡಕ್ಕೂ ದಾರಿ ಕೊಡುವ ಉತ್ತರದ ಗೋಪುರವನ್ನು ಕನಕಗಿರಿ ಗೋಪುರವೆಂದೇ ಕರೆಯುತ್ತಾರೆ. ‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬ ಗಾದೆಯಲ್ಲಿ ಎರಡೂ ಊರುಗಳನ್ನು ಜನ ಜೊತೆಯಾಗಿ ಕಟ್ಟಿದ್ದು ಸುಮ್ಮನೆ ಅಲ್ಲ. ಕನಕಾಚಲಪತಿಯ ಫಾಲ್ಗುಣದ ಜಾತ್ರೆಗೆ ಬಂದವರು ಮುಂದಿನ ತಿಂಗಳು ಹಂಪಿಯ ತೇರಿಗೂ ಹೋಗುವುದು ನಮ್ಮ ಕಡೆ ವಾಡಿಕೆ.

ಕೋಟೆಬೀದಿಯವರ ತೀರ್ಥದ ವಾದವನ್ನು ಓದಿದ ಮೇಲೆ ಮೊದಲು ನಾನು ಬರೆದ ರಾಜಕೀಯ ಕಾರಣವನ್ನು ಅದರ ಕೆಳಗೆ ಇಡುವುದು ಸೂಕ್ತವೆನಿಸುತ್ತದೆ. ಕಲ್ಲು ಉಳಿಯಲು ಅದು ಒಂದು ಕಾರಣವಿರಬಹುದು. ಗಂಟೆ ನಿಲ್ಲದಿರಲು ಜನ ಬೇಕಾಗಿದ್ದರು.

ವಿದ್ಯಾರ್ಥಿ, ರಾಯಚೂರು

ರಂಗಮಂಟಪದ ಚಾವಣಿಯ ಚಿತ್ರಗಳ ಬಗ್ಗೆ ಯಾರೂ ಬರೆಯಲಿಲ್ಲ. ಅವು ಪೂಜೆಯ ಪರಂಪರೆಗೆ ಸಂಬಂಧಿಸಿದವೇ, ಅಥವಾ ಅಲಂಕಾರಕ್ಕಾಗಿ ಬರೆದವೇ? ಮತ್ತು ಈ ವರ್ಷ ನಾವು ಗೆಳೆಯರು ಸೇರಿ ಹೋಗುವುದಾದರೆ ಫಲಪೂಜೆಗೆ ಹೋಗುವುದು ಒಳ್ಳೆಯದೋ, ತೇರಿಗೆ ಹೋಗುವುದೋ?

ನಿವೃತ್ತ ಶಿಕ್ಷಕ, ಕೊಪ್ಪಳ

ಚಾವಣಿಯಲ್ಲಿ ಮನ್ಮಥನು ಶಿವನ ಮೇಲೆ ಹೂಬಾಣ ಹೂಡುವುದಿದೆ, ಗಿರಿಜಾಕಲ್ಯಾಣವಿದೆ, ತ್ರಿಪುರಸಂಹಾರವಿದೆ, ಅರ್ಜುನನ ಮತ್ಸ್ಯಯಂತ್ರ ಭೇದನವಿದೆ, ವಿದ್ಯಾರಣ್ಯರನ್ನು ಪಲ್ಲಕ್ಕಿಯಲ್ಲಿ ಕರೆದೊಯ್ಯುವ ಮೆರವಣಿಗೆಯಿದೆ. ಬಣ್ಣದ ಕೆಲಸ ವಿಜಯನಗರದ ನಂತರದ್ದೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಹಾಗಿದ್ದರೆ ಈ ಚರ್ಚೆಗೆ ಅದು ಇನ್ನೂ ದೊಡ್ಡ ಆಧಾರ, ಏಕೆಂದರೆ ಅರಸರಿಲ್ಲದ ಕಾಲದಲ್ಲಿಯೂ ಗುಡಿಗೆ ಚಿತ್ರಕಾರರನ್ನು ಕರೆಸಿ ಬರೆಸುವಷ್ಟು ಶಕ್ತಿಯೂ ಆಸ್ಥೆಯೂ ಇತ್ತು. ವಿಷಯದ ಆಯ್ಕೆಯನ್ನೂ ನೋಡಿ: ಕಾಮದಹನಕ್ಕೆ ಹೊರಗಿನ ಮನ್ಮಥ ಹೊಂಡವೂ ಹೇಮಕೂಟವೂ ಉತ್ತರ ಕೊಡುತ್ತವೆ, ಮದುವೆಯ ಚಿತ್ರದ ಕೆಳಗೆ ನಿಂತವರು ಮದುವೆಯ ದೇವರನ್ನೇ ನೋಡಲು ಬಂದವರು.

ಕಂಪ್ಲಿಯವಳು

ತಮ್ಮಾ, ತೇರಿಗೆ ಜನಸಾಗರ ಇರುತ್ತದೆ, ಅದರ ಸಂಭ್ರಮ ಬೇರೆ. ಆದರೆ ಪರಂಪರೆಯನ್ನು ಹತ್ತಿರದಿಂದ ನೋಡಬೇಕೆಂದರೆ ಫಲಪೂಜೆಗೆ ಬನ್ನಿ. ಬೆಳಗಿನಲ್ಲೇ ಹೊಳೆಗೆ ಇಳಿದು ಮಿಂದು, ಮುಂಭಾಗದ ಬಿಷ್ಟಪ್ಪಯ್ಯ ಗೋಪುರದ ಕಡೆಯಿಂದ ಒಳಗೆ ಹೋಗಿ, ಮೂರು ತಲೆಯ ಬಸವಣ್ಣನನ್ನು ನೋಡಿ, ಸ್ವಾಮಿಯ ದರ್ಶನ ಮಾಡಿ. ಅಲ್ಲಿಂದ ಹೊರಡುವ ಮೊದಲು ಉತ್ತರದ ಪಂಪಾದೇವಿಯ ಗುಡಿಗೆ ಹೋಗಿ ಹಣ್ಣುಕಾಯಿ ಮಾಡಿಸಿ. ಗುಡಿಯ ಹಿಂಬದಿಯ ಕತ್ತಲೆಕೋಣೆಯಲ್ಲಿ ಸಣ್ಣ ಕಿಂಡಿಯಿಂದ ಬೆಳಕು ಬಂದು ಗೋಡೆಯ ಮೇಲೆ ಮೂಡುವ ಗೋಪುರದ ತಲೆಕೆಳಗಾದ ನೆರಳನ್ನು ಎಲ್ಲರೂ ತೋರಿಸಿಯೇ ತೋರಿಸುತ್ತಾರೆ. ಅದರ ನಂತರ ಕನಕಗಿರಿ ಗೋಪುರದಿಂದ ಹೊರಬಂದು ಮನ್ಮಥ ಹೊಂಡದ ದುರ್ಗಾದೇವಿ ಗುಡಿಯಲ್ಲಿ ಕೋಟೆಬೀದಿ ಸರ್ ಹೇಳಿದ 1199ರ ಶಾಸನವನ್ನು ನೋಡಿ. ಉತ್ಸವಮೂರ್ತಿಗಳು ಹೊರಟಾಗ ಅವುಗಳ ಹಿಂದೆಯೇ ಚಕ್ರತೀರ್ಥದವರೆಗೆ ನಡೆದು ಹೋಗಬೇಕು, ವಾಹನದಲ್ಲಿ ಹೋಗಲು ಆ ದಾರಿಯಲ್ಲ. ಕೊಪ್ಪಳದ ಗುರುಗಳೂ ಬರುವುದಾದರೆ ಶಾಸನವನ್ನು ಅವರಿಂದಲೇ ಓದಿಸಿಕೊಳ್ಳೋಣ.

ನಿವೃತ್ತ ಶಿಕ್ಷಕ, ಕೊಪ್ಪಳ

ಬರುತ್ತೇನೆ, ತಾಯಿ. ಪಂಚಾಂಗ ನೋಡಿಕೊಂಡು ದಿನವನ್ನು ಇಲ್ಲಿಯೇ ತಿಳಿಸಿರಿ.